ಚಾವಡಿ ತಿಂದ ಬಿಸಿಲು

ರಥಸಪ್ತಮಿಯ ಆ ಬೆಳಿಗ್ಗೆ ಎಂಥ ಮಂಜು ಬಿದ್ದಿತ್ತೆಂದರೆ, ತಲೆಗೂ ಹೆಗಲಿಗೂ ಎಕ್ಕದೆಲೆ ಇಟ್ಟುಕೊಂಡು ಹಿತ್ತಲಲ್ಲಿ ನೀರು ಹುಯ್ದುಕೊಂಡ ನನಗೆ ಕೈಮುಗಿಯಲು ಮೂಡಣ ದಿಕ್ಕು ಯಾವುದೆಂದೇ ತಿಳಿಯಲಿಲ್ಲ. ಸೂರ್ಯನಾರಾಯಣ ಹುಟ್ಟಿದ ದಿನ, ಅವನೇ ಮನೆಯಲ್ಲಿಲ್ಲ. ಎಮ್ಮೆ ಕೂಗಿದ ಕಡೆ ಮೂಡಣವಿರಬೇಕೆಂದು ಅಂದಾಜು ಮಾಡಿ ಅತ್ತ ತಿರುಗಿ ಒಂದು ನಮಸ್ಕಾರ ಹಾಕಿದೆ. ಆಮೇಲೆ ನೋಡಿದರೆ ಅದು ನಮ್ಮ ಕೊಟ್ಟಿಗೆಯ ಎಮ್ಮೆಯಲ್ಲ, ಬಡಗಣ ಬೀದಿಯದು. ನಮಸ್ಕಾರ ಯಾವ ದಿಕ್ಕಿಗೆ ಹಾಕಿದರೂ ಸೇರಬೇಕಾದವನಿಗೆ ಸೇರುತ್ತದೆ ಎಂದು ನಮ್ಮ ತಾಯಿ ಹೇಳುತ್ತಿದ್ದಳು. ಬಿಸಿಲು ಹಾಗಲ್ಲ. ಬಿಸಿಲು ಯಾರದೋ ಅವರ ಅಂಗಳಕ್ಕೇ ಸೇರಬೇಕು. ಆ ಹೊತ್ತು ಮುಳುಗುವುದರೊಳಗೆ ನಾನು ಹಪ್ಪಳದ ಬೀದಿಗೆ ಬಾಕಿ ಇದ್ದ ಬಿಸಿಲನ್ನೆಲ್ಲ ತೀರಿಸಬೇಕಿತ್ತು. ತೀರಿಸದಿದ್ದರೆ ನನ್ನ ಮನೆಗೂ ನಮ್ಮಕ್ಕನ ಮನೆಗೂ ನಡುವೆ ಗೋಡೆಯಲ್ಲಿದ್ದ ಕಿಂಡಿಯನ್ನು ಮುಚ್ಚಿಬಿಡಬೇಕಿತ್ತು. ಗಾರೆ ಕೆಲಸದ ಮುದ್ದಣ್ಣ ಆಗಲೇ ಬಂದು ನನ್ನ ಜಗಲಿಯ ಮೇಲೆ ಕುಳಿತು, ಮಣ್ಣು ಕಲೆಸಲೋ ಇನ್ನೊಂದು ಗಳಿಗೆ ಕಾಯಲೋ ಎಂದು ಕೇಳುತ್ತಿದ್ದ. ಪಾಪ, ಅವನಿಗೂ ಮನಸ್ಸಿರಲಿಲ್ಲ.

ಈ ಕಿಂಡಿಯ ವಿಷಯ ಹೇಳಿಬಿಡುತ್ತೇನೆ. ನಾನು ರಾಚಪ್ಪ, ಊರಿನ ಚಾವಡಿ ಕಾಯುವವನು. ಹೆಂಡತಿ ಬೇಗ ಶಿವನ ಪಾದ ಸೇರಿದಳು. ಅಕ್ಕ ಹೊನ್ನಮ್ಮ ಅದಕ್ಕೂ ಮೊದಲೇ ಗಂಡನನ್ನು ಕಳೆದುಕೊಂಡು, ಹಪ್ಪಳದ ಬೀದಿಗೆ ಬಾಗಿಲಿರುವ ಪಕ್ಕದ ಮನೆಗೆ ಬಂದಿದ್ದವಳು. ನಾನು ಒಂಟಿಯಾದ ವಾರವೇ ಅವಳು ನಡುಗೋಡೆಯಿಂದ ಒಂದು ಇಟ್ಟಿಗೆ, ಅದರ ಪಕ್ಕದ್ದು ಇನ್ನೊಂದು ಇಟ್ಟಿಗೆ ಕಿತ್ತು, ತಟ್ಟೆ ಹಿಡಿಸುವಷ್ಟು ಕಿಂಡಿ ಮಾಡಿ, ಅಲ್ಲಿಂದಲೇ ನನಗೆ ರಾತ್ರಿಯ ಊಟ ನೂಕತೊಡಗಿದಳು. ಎದುರಿಗೆ ಕೂರಿಸಿ ಬಡಿಸಿದರೆ ನಾನು ಅಳುತ್ತೇನೆಂದು ಅವಳಿಗೆ ಗೊತ್ತಿತ್ತು. ತಟ್ಟೆ ನನ್ನದೇ, ಹಿತ್ತಾಳೆಯದು, ಆದರೆ ಇರುತ್ತಿದ್ದುದು ಅವಳ ಗೂಡಿನಲ್ಲಿ. ತಟ್ಟೆಯ ಅಂಚಿಗೆ ಯಾವತ್ತೂ ಒಂದು ಸುಟ್ಟ ಹಪ್ಪಳ ಒರಗಿರುತ್ತಿತ್ತು. ಊರಲ್ಲಿ ಎಷ್ಟು ಬಾಗಿಲುಗಳಿವೆಯೋ, ನನಗೆ ಬಾಗಿಲೆಂದರೆ ಅದೊಂದೇ.

ಬೇರೆ ಊರಿನವರು ನೀರು ಹೊರುವ ಹಾಗೆ ನಮ್ಮೂರಲ್ಲಿ ನಾವು ಬಿಸಿಲು ಹೊರುತ್ತೇವೆ. ಹಿತ್ತಾಳೆ ಕೊಡವನ್ನೋ ತಾಮ್ರದ ಬಿಂದಿಗೆಯನ್ನೋ ಬಯಲಲ್ಲಿಟ್ಟು, ತುಂಬಿದ ಮೇಲೆ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ತಂದು, ಬೇಕಾದಲ್ಲಿ ಸುರಿದುಕೊಳ್ಳುವುದು. ಮಣ್ಣಿನ ಮಡಕೆಯಲ್ಲಿ ನಿಲ್ಲುವುದಿಲ್ಲ, ಸೋರುತ್ತದೆ. ಸಂಜೆಯಾದರೆ ಹೆಣ್ಣುಮಕ್ಕಳು ದೀಪ ಹಚ್ಚುವ ಮೊದಲು ಮನೆಯ ಪಾತ್ರೆಗಳನ್ನೆಲ್ಲ ಬೋರಲು ಹಾಕುತ್ತಾರೆ. ಇಲ್ಲದಿದ್ದರೆ ಒಳಗುಳಿದ ಬಿಸಿಲಿಗೆ ನಿದ್ದೆ ಬರುವುದಿಲ್ಲ, ಅದಕ್ಕೆ ಬರದಿದ್ದರೆ ಮನೆಯವರಿಗೂ ಬರುವುದಿಲ್ಲ. ಇಂಥ ಊರಲ್ಲಿ ನೆರಳೆಂದರೆ ಹುಡುಗಾಟವಲ್ಲ. ನಿನ್ನ ಕಟ್ಟಡದ ನೆರಳು ಯಾರ ಅಂಗಳದ ಮೇಲೆ ಬೀಳುತ್ತದೋ, ಅವರಿಗೆ ಅಷ್ಟು ಬಿಸಿಲು ತಂದುಕೊಡಬೇಕು. ಮರದ ನೆರಳಿಗೆ ಬಾಕಿಯಿಲ್ಲ, ಅದು ದೇವರು ಹಿಡಿದ ಕೊಡೆ. ಮನುಷ್ಯ ಕಟ್ಟಿದ್ದಕ್ಕೆಲ್ಲ ಬಾಕಿಯುಂಟು. ಬಾಕಿಯಿದ್ದವನು ಅದು ತೀರುವ ತನಕ ಬಾಕಿ ಬರಬೇಕಾದವರ ಮನೆಯ ಅನ್ನ ಉಣ್ಣುವಂತಿಲ್ಲ. ರಥಸಪ್ತಮಿಗೂ ತೀರದಿದ್ದರೆ ಆ ಎರಡು ಮನೆಗಳ ನಡುವಿನ ಹೋಗುಬರುವ ದಾರಿ ಮುಚ್ಚಿತು ಎಂದೇ ಅರ್ಥ. ಹಾಗಾಗಿ ನಮ್ಮೂರಿನ ಮನೆಗಳೆಲ್ಲ ತಗ್ಗು. ಸೂರುಗಳು ಗಿಡ್ಡ. ಎತ್ತರದ ಗಂಡು ಅಳಿಯನಾಗಿ ಸಿಕ್ಕರೆ ಬಾಗಿಲಲ್ಲಿ ತಲೆ ಬಗ್ಗಿಸಿ ಬಗ್ಗಿಸಿ ವಿನಯವಂತನಾಗಿಬಿಡುತ್ತಾನೆ.

ಹಳೆಯ ಚಾವಡಿಯೂ ತಗ್ಗಿನದೇ. ಅದರ ನೆರಳು ಪಕ್ಕದ ಕಾಫಿ ಅಂಗಡಿಯ ಶೇಷಣ್ಣನ ಒಂದು ಬೆಂಚಿನ ಮೇಲೆ ಮಾತ್ರ ಬೀಳುತ್ತಿತ್ತು. ಕಾವಲಿನವನೇ ಚಾವಡಿಯ ನೆರಳಿಗೆ ಹೊಣೆ. ನಾನು ದಿನಕ್ಕೊಂದು ಚೊಂಬು ಬಿಸಿಲು ತಂದು ಆ ಬೆಂಚಿನ ಮೇಲೆ ಚೆಲ್ಲುತ್ತಿದ್ದೆ. ಅದರ ಮೇಲೆ ಕೂರುವ ಮುದುಕರು, ರಾಚಪ್ಪ ಇವತ್ತು ಚೂರು ಹದವಾಗಿ ತಂದಿದ್ದಾನೆ ಅನ್ನುತ್ತಿದ್ದರು. ಅಷ್ಟರಲ್ಲೇ ನನ್ನ ಬಾಳು ನೆಮ್ಮದಿಯಾಗಿ ಸಾಗಿತ್ತು.

ಅಧ್ಯಕ್ಷ ಮಲ್ಲರಾಜಯ್ಯನವರು ಹೊಳೆಯಾಚೆಯ ಊರಿಗೆ ಮದುವೆಗೆ ಹೋಗಿ ಬಂದದ್ದೇ ಕೆಟ್ಟಿತು. ಆ ಊರಿನವರು ಹೊಸದಾಗಿ ಒಂದು ಗಡಿಯಾರದ ಗೋಪುರ ಕಟ್ಟಿಸಿದ್ದರಂತೆ. ಗಡಿಯಾರ ತಪ್ಪು ಹೊತ್ತು ತೋರಿಸುತ್ತಿತ್ತಂತೆ, ಆದರೂ ಅಷ್ಟು ಎತ್ತರದಿಂದ ತಪ್ಪು ತೋರಿಸುವುದೂ ಒಂದು ಘನತೆ ಎಂದು ನಮ್ಮ ಅಧ್ಯಕ್ಷರಿಗೆ ಅನ್ನಿಸಿತು. ಹದಿನೈದು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಹಳೆಯ ಚಾವಡಿ ಕೆಡವಿ ಹೊಸದು ಕಟ್ಟಿಸಲು ನಗರದಿಂದ ಒಬ್ಬ ಹೆಣ್ಣುಮಗಳನ್ನು ಕರೆಸಿದರು. ಹೆಸರು ಇಳಾ. ನಾವೆಲ್ಲ ಇಂಜಿನಿಯರಮ್ಮ ಅಂದೆವು. ಇಂಜಿನಿಯರ್ ಅಲ್ಲ, ಆರ್ಕಿಟೆಕ್ಟ್ ಎಂದು ಆಕೆ ತಿದ್ದಿದಳು. ನಾವು ಸರಿ ಎಂದು ತಲೆಯಾಡಿಸಿ ಇಂಜಿನಿಯರಮ್ಮ ಅಂತಲೇ ಕರೆದೆವು. ಒಳ್ಳೆಯ ಹುಡುಗಿ. ಊರೆಲ್ಲ ನಡೆದು ನೋಡಿದಳು, ಕೆರೆಯ ದಂಡೆಯಲ್ಲಿ ಕೂತು ಚಿತ್ರ ಬರೆದಳು, ಹಪ್ಪಳದ ಬೀದಿಯಲ್ಲಿ ಹೆಂಗಸರು ಹಿಟ್ಟು ಕುಟ್ಟುವುದನ್ನು ಒಂದು ಮಧ್ಯಾಹ್ನವಿಡೀ ನೋಡಿದಳು. ಆಮೇಲೆ ರಟ್ಟಿನಲ್ಲಿ ಮಾಡಿದ ಒಂದು ಮಾದರಿ ತಂದು ಪಂಚಾಯಿತಿಯ ಮೇಜಿನ ಮೇಲಿಟ್ಟು, ಇದು ಅರಳಿದ ಕಮಲ ಅಂದಳು. ಅಷ್ಟರಲ್ಲಿ ಅಧ್ಯಕ್ಷರು ಅದರೊಳಗೆ ತಮ್ಮ ಅಡಿಕೆ ಚೂರು ಇಟ್ಟುಬಿಟ್ಟಿದ್ದರು. ಎಲೆಯಡಿಕೆ ತಟ್ಟೆ ಅಂದುಕೊಂಡಿದ್ದರು.

ನಾನು ಕಂಡ ಹಾಗೆ ಹೇಳುವುದಾದರೆ, ಅದು ಒಂದರೊಳಗೊಂದು ಕೂರಿಸಿದ ಎರಡು ಬಾಣಲೆ. ಕೆಳಗಿನದು ನೆಲಕ್ಕೆ ಕೂತದ್ದು, ಸಭೆ ಸೇರುವ ಜಾಗ, ಮೇಲಿನದು ಚಾವಣಿ, ಆಕಾಶಕ್ಕೆ ಬಾಯಿ ತೆರೆದದ್ದು, ಪೂರಾ ತಾಮ್ರದ ತಗಡಿನದು. ಮೇಲಿನದನ್ನು ಹೊತ್ತು ನಿಂತದ್ದು ಹೊರಗಡೆ ಓರೆಯಾಗಿ ನೆಟ್ಟ ಒಂದೇ ಒಂದು ಕಾಲು. ಮೇಲಿನ ಬಾಣಲೆಯ ತಳದಿಂದ ಒಂದು ದಪ್ಪ ಕೊಳವೆ ಇಳಿದು ಹಪ್ಪಳದ ಬೀದಿಯ ತಲೆಗೆ ಬಾಯಿ ಮಾಡಿತ್ತು. ಮಳೆಗಾಲದಲ್ಲಿ ಚಾವಣಿಯ ನೀರು ಆ ಹೆಂಗಸರ ಉದ್ದು ನೆನೆಹಾಕುವ ತೊಟ್ಟಿಗೇ ಹೋಗಲಿ ಎಂದು ಆ ಹುಡುಗಿಯ ಯೋಚನೆ. ಮೇಲೆ ಹತ್ತಿ ನೋಡಲು ನಕ್ಷೆಯಲ್ಲಿ ಮೆಟ್ಟಿಲೂ ಇತ್ತು. ಖರ್ಚು ಹೆಚ್ಚಾಯಿತೆಂದು ಅಧ್ಯಕ್ಷರು ಮೆಟ್ಟಿಲು ತೆಗೆಸಿ, ಆ ದುಡ್ಡಿಗೆ ತಮ್ಮ ಹೆಸರಿನ ಫಲಕ ಹಾಕಿಸಿದರು. ಕೊಳವೆಯ ಗತಿ ಬೇರೆಯೇ ಆಯಿತು. ಹಪ್ಪಳದ ಬೀದಿಯವರು ಯಾರ ಋಣಕ್ಕೂ ಬಿದ್ದವರಲ್ಲ. ಯಾರದೋ ಸೂರಿನ ನೀರು ಪುಕ್ಕಟೆ ನಮಗ್ಯಾಕೆ, ನಾಳೆ ಲೆಕ್ಕ ಕೇಳಿದರೆ ಏನು ಕೊಡುವುದು ಎಂದು, ಅಕ್ಕನನ್ನು ಮುಂದಿಟ್ಟುಕೊಂಡು ಬಂದು, ಮುದ್ದಣ್ಣನ ಕೈಯಲ್ಲಿ ಆ ಕೊಳವೆಯ ಬಾಯಿಗೆ ಗೋಣಿಚೀಲ ತುರುಕಿಸಿ ಗಾರೆ ಮೆತ್ತಿಸಿಬಿಟ್ಟರು. ಇಳಾ ಅಷ್ಟು ಹೊತ್ತಿಗೆ ನಗರಕ್ಕೆ ಹಿಂದಿರುಗಿದ್ದಳು.

ದಸರೆ ಕಳೆದ ಮೇಲೆ ಪ್ರವೇಶವಾಯಿತು. ಅವತ್ತಿನಿಂದ ಶೇಷಣ್ಣನ ಅಂಗಡಿಯಲ್ಲಿ ಕಾಫಿಗಿಂತ ಅಭಿಪ್ರಾಯವೇ ಹೆಚ್ಚು ಖರ್ಚಾಯಿತು. ದೇವಲೋಕದವರು ಊಟ ಮುಗಿಸಿ ತೊಳೆಯದೆ ಹೋದ ಪಾತ್ರೆ ಅಂದವರುಂಟು. ಇಂಥದು ಈ ಸೀಮೆಯಲ್ಲೇ ಇಲ್ಲ, ನಮ್ಮೂರಿನ ಹೆಸರು ಇನ್ನು ಎಲ್ಲಿಯೋ ಹೋಗುತ್ತದೆ ಅಂದವರೂ ಉಂಟು. ಹೆಸರು ಹೋಗುವುದೇ ನನಗೂ ಕಾಣ್ತಾ ಇದೆ ಎಂದು ಶೇಷಣ್ಣ ಅವರಿಗೆ ಸಕ್ಕರೆ ಕಡಿಮೆ ಹಾಕಿದ. ಮೆಚ್ಚಿದವರು ಯಾರು, ಬೈದವರು ಯಾರು ಎಂದು ಕೂತು ನೋಡುತ್ತಿದ್ದ ನನಗೆ ಒಂದು ಸಂಗತಿ ಗೊತ್ತಾಯಿತು. ಪಡುವಣ ಬೀದಿ, ಕೆರೆಯ ಕೆಳಗಿನ ಬೀದಿ, ಇಲ್ಲಿಯವರಿಗೆಲ್ಲ ಹೊಸತನ ಬೇಕಾಗಿತ್ತು. ಹಪ್ಪಳದ ಬೀದಿಯವರಿಗೆ ಬೇಡವಾಗಿತ್ತು. ನೆರಳು ಬೀಳದವರಿಗೆ ಅದು ಅಂದ, ಬಿದ್ದವರಿಗೆ ಬಂಧ.

ಒಳಗಿನ ಕಷ್ಟ ಒಳಗಿದ್ದವರಿಗೇ ಗೊತ್ತು. ಬಾಗಿಲಿಗೆ ಹಿಡಿಕೆ ಇರಲಿಲ್ಲ, ಅದೂ ಗೋಡೆಯ ಹಾಗೆಯೇ ಇತ್ತು. ಅರ್ಜಿ ಕೊಡಲು ಬಂದವರು ಕಟ್ಟಡವನ್ನು ಸುತ್ತುತ್ತಾ ಅಲ್ಲಲ್ಲಿ ನೂಕಿ ನೋಡುತ್ತಿದ್ದರು. ಕೆಲವರು ಪ್ರದಕ್ಷಿಣೆ ಅಂದುಕೊಂಡು ಕೈಮುಗಿದು ಹೊರಟುಹೋದದ್ದೂ ಇದೆ. ಗೋಡೆಗಳು ಮೇಲೆ ಹೋದಂತೆ ಹೊರಕ್ಕೆ ವಾಲಿದ್ದರಿಂದ ಬೀರು ನಿಲ್ಲಲಿಲ್ಲ. ಗಣಪತಿಯ ಪಟವನ್ನು ಹಾಕಿದರೆ ಸ್ವಾಮಿ ಮೇಲ್ಮುಖವಾಗಿ ಅಂಗಾತ ಮಲಗಿದ. ಹೊಟ್ಟೆ ತುಂಬ ಉಂಡವನು ಹಾಗೆ ಮಲಗುವುದೇ ಸಹಜ ಎಂದು ನಾನು ಸಮಾಧಾನ ಮಾಡಿಕೊಂಡೆ. ನೆಲ ನಡುವಿಗೆ ಇಳಿಜಾರು. ಅಧ್ಯಕ್ಷರ ಗಾಲಿಯಿದ್ದ ಆಫೀಸು ಕುರ್ಚಿ ಅವರು ಭಾಷಣ ಶುರು ಮಾಡಿದರೆ ಹೊರಟು, ಮುಗಿಸುವ ಹೊತ್ತಿಗೆ ಸರಿಯಾಗಿ ಹಳ್ಳದ ನಡುವೆ ನಿಲ್ಲುತ್ತಿತ್ತು. ವಿರೋಧ ಪಕ್ಷದ ಕರಿಬಸಪ್ಪನವರ ಕುರ್ಚಿಯೂ ಎದುರುಗಡೆಯಿಂದ ಅಲ್ಲಿಗೇ ಬರುತ್ತಿತ್ತು. ಮೂರು ತಲೆಮಾರಿನಿಂದ ಮಾತು ಬಿಟ್ಟಿದ್ದ ಆ ಎರಡು ಮನೆತನದವರು ವಾರಕ್ಕೊಮ್ಮೆ ಮಂಡಿಗೆ ಮಂಡಿ ತಾಕಿಸಿಕೊಂಡು ಕೂತು, ಏನೂ ತೋಚದೆ, ಮನೆ ಕಡೆ ಎಲ್ಲ ಸೌಖ್ಯವೇ ಎಂದು ವಿಚಾರಿಸಿಕೊಳ್ಳುವಂತಾಯಿತು. ಸಭೆ ಒಮ್ಮತದಿಂದ ಮುಗಿಯಿತು ಎಂದು ನಡವಳಿಯಲ್ಲಿ ಬರೆದರು. ಸುಳ್ಳೇನಲ್ಲ.

ಎಲ್ಲಕ್ಕಿಂತ ದೊಡ್ಡದು ಸೆಕೆ. ದಿನ ಹೋದಂತೆ ಒಳಗೆ ಕಾವು ಏರಿತು. ಸದಸ್ಯರು ಅಂಗಿ ಕಳಚಿ ಟವಲಿನಲ್ಲಿ ಕೂತು ಕಂದಾಯದ ವಿಚಾರ ಮಾತಾಡಿದರು. ಮಹಿಳಾ ಸದಸ್ಯೆ ಈರಮ್ಮನವರು ಜಾಣೆ, ಉಪ್ಪಿನಕಾಯಿ ಜಾಡಿ ತಂದಿಟ್ಟು ಸಭೆ ಮುಗಿಯುವ ಹೊತ್ತಿಗೆ ಹದಮಾಡಿಕೊಂಡು ಹೋಗುತ್ತಿದ್ದರು. ರಾತ್ರಿಯಾದರೂ ಕಟ್ಟಡದ ಮೇಲುಭಾಗ ಹೊಂಬಣ್ಣಕ್ಕೆ ಮಿನುಗುತ್ತಿತ್ತು. ಊರಿನ ಹುಂಜಗಳಿಗೆ ದಿಕ್ಕೇ ತಪ್ಪಿ ಬೇಕಾದಾಗ ಕೂಗತೊಡಗಿದವು. ರಾಚಪ್ಪ ದೀಪ ಆರಿಸದೆ ಮನೆಗೆ ಹೋಗ್ತಾನೆ, ಊರಿನ ಕರೆಂಟು ಹಾಳು ಮಾಡ್ತಾನೆ ಎಂದು ನನ್ನ ಮೇಲೆ ದೂರು ಬಂತು. ಆರಿಸಿದ್ದೇನೆ ಎಂದು ದೇವರ ಮೇಲೆ ಆಣೆ ಮಾಡಿದೆ. ಯಾವ ದೇವರು ಎಂದು ಕೇಳಿದರು. ಅಂಗಾತ ಮಲಗಿದ್ದನ್ನು ತೋರಿಸಿದೆ. ನಂಬಲಿಲ್ಲ.

ನೀವು ಕೇಳಬಹುದು, ಕೊಡ ಬಿಂದಿಗೆಗಳಲ್ಲೇ ಹುಟ್ಟಿ ಬೆಳೆದ ಊರು, ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ ಎಂದು. ಹೊಳೆಯಲಿಲ್ಲ. ನಮಗೆ ಪಾತ್ರೆಯೆಂದರೆ ಸೊಂಟದ ಮೇಲೆ ಕೂರುವುದು. ಸೊಂಟದ ಮೇಲೆ ಕೂರದ್ದು ಪಾತ್ರೆಯಲ್ಲ, ಕಟ್ಟಡ. ಬಾಣಲೆ, ತಪ್ಪಲೆ ಎಂದು ದಿನಕ್ಕೆ ನೂರು ಸಲ ಹಂಗಿಸಿದೆವು. ಹಂಗಿಸುವ ಮಾತಿನಲ್ಲಿ ನಿಜ ಇರಬಹುದೆಂದು ಯಾರು ಹುಡುಕುತ್ತಾರೆ.

ನೆರಳು ಬಿದ್ದ ಮೊದಲ ದಿನ ಸಂಜೆ ನಾನು ಎಂದಿನಂತೆ ಕಿಂಡಿಯ ಮುಂದೆ ಕೂತೆ. ತಟ್ಟೆ ಬರಲಿಲ್ಲ. ಬಗ್ಗಿ ನೋಡಿದರೆ ಅಕ್ಕ ಅದನ್ನು ಗೂಡಿನಲ್ಲಿ ಬೋರಲು ಹಾಕಿದ್ದಳು.

"ಊಟ ಆಯ್ತೇನಕ್ಕ?" ಅಂದೆ.

"ಬೀದಿ ಹೆಂಗಸ್ರೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾವ್ರೆ ಕಣೋ ತಮ್ಮಯ್ಯ. ನಿನ್ನ ಚಾವಡಿ ನಮ್ಮ ಬಿಸಿಲು ತಿಂದೈತೆ. ತಂದುಕೊಡು. ಅಲ್ಲೀಗಂಟ ನೀನು ಅಲ್ಲಿ, ನಾನು ಇಲ್ಲಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಗೆಲ್ಲುತ್ತಿದ್ದೆ.

ಮಾರನೆಯ ದಿನದಿಂದ ಹೊರತೊಡಗಿದೆ. ಹಪ್ಪಳದ ಬೀದಿಯೆಂದರೆ ಬೆಂಚಲ್ಲ, ಈ ತುದಿಯಿಂದ ಆ ತುದಿಗೆ ಚಾಪೆ ಹಾಸುವ ಬೀದಿ. ಬೆಳಗಿನ ಎಳೆಬಿಸಿಲು ಪೂರಾ ಹೋಗಿತ್ತು. ನಾನು ಕೆರೆಯಾಚೆಯ ಬಯಲಿನಿಂದ ಎರಡು ಕೊಡ ತುಂಬಿ, ಅಡ್ಡೆ ಹೊತ್ತು ಬರುತ್ತಿದ್ದೆ. ದಾರಿಯಲ್ಲಿ ತುಳುಕುತ್ತಿತ್ತು. ತುಳುಕಿದ ಕಡೆಯಲ್ಲೆಲ್ಲ ಊರಿನ ನಾಯಿಗಳು ಒಂದರ ಹಿಂದೊಂದು ಬಂದು ಮೈಚೆಲ್ಲಿ ಮಲಗುತ್ತಿದ್ದವು. ಅಕ್ಕ ಕೊಡದೊಳಗೆ ಬೆರಳದ್ದಿ ನೋಡಿ, ಇದು ಎಳೆಬಿಸಿಲಲ್ಲ, ಹೊತ್ತೇರಿದ ಮೇಲಿನದು, ಹಪ್ಪಳ ಮುರುಟಿಕೊಳ್ಳುತ್ತದೆ ಅನ್ನುತ್ತಿದ್ದಳು. ಎಳೆಬಿಸಿಲು ತರೋಣವೆಂದು ಕತ್ತಲಲ್ಲೇ ಹೊರಟರೆ ನಾನು ಬರುವ ಹೊತ್ತಿಗೆ ಅದು ಕೊಡದಲ್ಲೇ ಕುಲುಕಾಡಿ ಬಲಿತಿರುತ್ತಿತ್ತು. ಮನುಷ್ಯ ಓಡಬಹುದು, ಬಿಸಿಲಿಗಿಂತ ಮುಂಚೆ ಓಡಲಾಗುವುದಿಲ್ಲ. ಬೀದಿಯ ಹಪ್ಪಳಗಳು ಮೆತ್ತಗಾದವು. ಸಂಡಿಗೆಗೆ ಬೂಸು ಬಂತು. ಮಜ್ಜಿಗೆಯಲ್ಲಿ ನೆನೆಸಿದ ಬಾಳಕದ ಮೆಣಸಿನಕಾಯಿ ಒಣಗುವುದರ ಬದಲು ಮೊಳೆಯುವ ಯೋಚನೆ ಮಾಡಿತು. ಅಂಗಡಿಯವರು ಬೇರೆ ಊರಿನ ಹಪ್ಪಳ ತರಿಸಿಕೊಂಡರು. ಕೆಲವರು ಮಣೆ ಲಟ್ಟಣಿಗೆ ಕಟ್ಟಿಟ್ಟು ಮಕ್ಕಳ ಊರಿಗೆ ಹೋಗುವ ಮಾತಾಡಿದರು. ಅಕ್ಕ ಮಾತ್ರ ದಿನಾ ಹಿಟ್ಟು ಕುಟ್ಟಿದಳು. ನಾನು ಒಬ್ಬನೇ ಮುದ್ದೆ ತಿರುವಿಕೊಂಡು, ಕಿಂಡಿಯ ಮುಂದೆ ಕೂತೇ ಉಂಡೆ. ಆ ಕಡೆಯಿಂದ ಅವಳು ಉಣ್ಣುವ ಸದ್ದು ಕೇಳುತ್ತಿತ್ತು. ನಾನು ಕೆಮ್ಮಿದರೆ ಅವಳ ಬಳೆ ನಿಲ್ಲುತ್ತಿತ್ತು. ಅಷ್ಟೇ ಬಂಧುತ್ವ ಉಳಿದಿತ್ತು.

ಹೀಗೆ ಬಂದದ್ದು ಆ ರಥಸಪ್ತಮಿ, ಆ ಮಂಜು. ಬಯಲಲ್ಲೂ ಬಿಸಿಲಿಲ್ಲ, ಗುಡ್ಡದಲ್ಲೂ ಇಲ್ಲ. ಕೊಡ ತೆಗೆದುಕೊಂಡು ಎಲ್ಲಿಗೆ ಹೋಗಲಿ. ಮುದ್ದಣ್ಣನಿಗೆ, ಅಣ್ಣ, ಸ್ವಲ್ಪ ತಡಿ, ಚಾವಡಿಯ ಬೀಗ ತೆಗೆದು ಬರ್ತೀನಿ ಅಂದೆ. ಅವನು ಕರಣೆ, ಉಳಿ, ಸುತ್ತಿಗೆಯ ಚೀಲ ಹೆಗಲಿಗೇರಿಸಿಕೊಂಡು ನನ್ನ ಜೊತೆಗೇ ಬಂದ. ಚಳಿಗೆ ಒಬ್ಬನೇ ಕೂರಲಾರೆ ಅಂದ.

ಚಾವಡಿಯ ಬಳಿ ಹೋದರೆ ಊರಿಗೆ ಊರೇ ಅಲ್ಲಿತ್ತು. ಮಂಜಿನಲ್ಲಿ ನಡುಗುತ್ತಿದ್ದವರೆಲ್ಲ ಆ ಕಟ್ಟಡದ ಒಂಟಿಕಾಲಿನ ಸುತ್ತ ನಿಂತು ಬೆನ್ನು ಕಾಯಿಸಿಕೊಳ್ಳುತ್ತಿದ್ದರು. ಮೇಲೆ ಮಂಜಿನೊಳಗಿಂದ ತಾಮ್ರ ಕೆಂಡದ ಹಾಗೆ ಕಾಣುತ್ತಿತ್ತು. ನಿನ್ನೆಯವರೆಗೆ ಬೈದವರು, ಏನೇ ಅನ್ನಿ, ಚಳಿಗಾಲಕ್ಕೆ ತಕ್ಕ ಕಟ್ಟಡ ಅನ್ನುತ್ತಿದ್ದರು. ಇದನ್ನು ಮೊದಲಿನಿಂದ ಹೇಳ್ತಾ ಇದ್ದವನು ನಾನೊಬ್ಬನೇ ಎಂದ ಶೇಷಣ್ಣ, ಕಾಫಿಯ ಹಂಡೆಯನ್ನೂ ಅಲ್ಲಿಗೇ ತಂದಿದ್ದ. ಗುಂಪಿನ ನಡುವೆ ಇಳಾ ನಿಂತಿದ್ದಳು. ಸೆಕೆಯ ದೂರು ಕೇಳಿ ಮೊದಲ ಬಸ್ಸಿಗೆ ಬಂದವಳು, ಜನರ ಹೊಗಳಿಕೆ ಕೇಳಿ ಗಲಿಬಿಲಿಯಾಗಿದ್ದಳು. ತಾನು ಸೆಕೆ ಆಗಲೆಂದು ಕಟ್ಟಿದ್ದಲ್ಲ, ತಂಪಾಗಿರಬೇಕಿತ್ತು, ಎಲ್ಲೋ ಏನೋ ತಪ್ಪಿದೆ ಎಂದು ಅಧ್ಯಕ್ಷರಿಗೆ ಹೇಳುತ್ತಿದ್ದಳು. ಅಧ್ಯಕ್ಷರು, ತಪ್ಪಿದ್ದೇ ಒಳ್ಳೆಯದಾಯಿತಲ್ಲಮ್ಮ, ಬಿಡು ಅನ್ನುತ್ತಿದ್ದರು.

ಅಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು. ಅಕ್ಕ ಬರುತ್ತಿದ್ದಳು. ಸೊಂಟದ ಮೇಲೆ ಖಾಲಿ ಕೊಡ. ಹಿಂದೆ ಹಪ್ಪಳದ ಬೀದಿಯ ಹೆಂಗಸರು. ಬಾಕಿ ತೀರದಿದ್ದರೆ ಕೊನೆಯ ದಿನ ಖಾಲಿ ಪಾತ್ರೆ ತಂದು ಎಲ್ಲರೆದುರಿಗೆ ಒಮ್ಮೆ ಕೇಳಬೇಕು. ಅದು ಪದ್ಧತಿ. ಅವಳು ಕೊಡವನ್ನು ನನ್ನ ಕಾಲ ಬಳಿ ಇಟ್ಟಳು. ನನ್ನ ಮುಖ ನೋಡಲಿಲ್ಲ.

"ರಾಚಪ್ಪ, ನಮ್ಮ ಬೀದಿ ಬಿಸಿಲು ಕೊಡ್ತೀಯೇನಪ್ಪ?"

ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ನಾನು ತಮ್ಮಯ್ಯ. ಅವತ್ತು ರಾಚಪ್ಪನಾದೆ. ಇವತ್ತು ಎಲ್ಲೂ ಇಲ್ಲ ಕಣಕ್ಕ ಅನ್ನಬೇಕೆಂದಿದ್ದೆ. ತಲೆ ಮಾತ್ರ ಅಲ್ಲಾಡಿಸಿದೆ.

ಇಳಾ ಮುಂದೆ ಬಂದಳು. ಕಟ್ಟಡ ತಾನು ಮಾಡಿದ್ದು, ನೆರಳು ಹೀಗೆ ಬೀಳುತ್ತದೆಂದು ಲೆಕ್ಕ ಹಾಕಿದವಳೂ ತಾನೇ, ಆದರೆ ಅದಕ್ಕೆ ಬಾಕಿಯುಂಟೆಂದು ಗೊತ್ತಿರಲಿಲ್ಲ, ಈ ಹೊಣೆ ತನಗೆ ಬರಲಿ ಎಂದು ಕೈಮುಗಿದಳು. ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆ ಹುಡುಗಿಯ ಮೇಲೆ ಅವಳಿಗೆ ಹಗೆಯೇನೂ ಇರಲಿಲ್ಲ. ಆದರೆ ತಮ್ಮನ ಮೇಲೆ ಬಿಡಲಾಗದ ಕೋಪ ಎಲ್ಲಾದರೂ ಇಳಿಯಬೇಕಿತ್ತಲ್ಲ.

"ನೀನು ಯಾರ ಮಗಳೋ ಕಾಣೆ ತಾಯಿ," ಅಂದಳು. "ಇಷ್ಟ್ ದೊಡ್ಡ ಪಾತ್ರೆ ಊರ್ ಮಧ್ಯ ಅಂಗಾತ ಇಟ್ಟು ಬಸ್ಸತ್ತಿ ಹೋಗ್ಬಿಟ್ಟೆ. ಹೊತ್ತು ಮುಳುಗಿದ್ ಮೇಲೆ ಬೋರಲು ಹಾಕ್ಬೇಕು ಅಂತ ನಿಮ್ಮನೇಲಿ ಯಾರೂ ಹೇಳ್ಕೊಡ್ಲಿಲ್ವ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಳಾ ನಗಲಿಲ್ಲ, ನೊಂದುಕೊಳ್ಳಲೂ ಇಲ್ಲ.

"ಬೋರಲು ಹಾಕದಿದ್ದರೆ ಏನಾಗುತ್ತಮ್ಮ?" ಎಂದು ಕೇಳಿದಳು.

"ಏನಾಗ್ತದೆ," ಎಂದ ಶೇಷಣ್ಣ, ಕಾಫಿ ಬಗ್ಗಿಸುತ್ತಾ. "ಬಿಸಿಲು ಒಳಗೇ ಉಳ್ಕೊಂಡು..."

ಅಲ್ಲಿಗೆ ನಿಂತ. ಲೋಟ ತುಂಬಿ, ತಟ್ಟೆ ತುಂಬಿ, ಕಾಫಿ ನೆಲಕ್ಕೆ ಹರಿಯುತ್ತಿದ್ದರೂ ಅವನ ಕೈ ಹಾಗೇ ಇತ್ತು. ಒಬ್ಬೊಬ್ಬರಾಗಿ ತಲೆಯೆತ್ತಿದರು. ಮಂಜಿನ ಮೇಲೆ ಆ ತಾಮ್ರದ ಬಾಣಲೆ ತನ್ನ ಪಾಡಿಗೆ ತಾನು ಹೊಳೆಯುತ್ತಿತ್ತು. ಎಲ್ಲೋ ಒಂದು ಹುಂಜ ಕೂಗಿತು. ಆರಿಸಿದ್ದೆ ಅಂತ ಹೇಳಿರಲಿಲ್ವಾ ಎಂದು ನಾನು ಮೆಲ್ಲಗೆ ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಇಳಾ ಮಾತ್ರ ತಡವರಿಸುತ್ತಾ, ತುಂಬಿದ್ದು ಇಳಿದು ಹೋಗಲೆಂದೇ ತಳದಲ್ಲಿ ಕೊಳವೆ ಇಟ್ಟಿದ್ದೆನಲ್ಲ, ನೀರಿಗಾದರೇನು ಬಿಸಿಲಿಗಾದರೇನು, ಅದರಲ್ಲಿ ಬೀದಿಗೇ ಇಳಿಯಬೇಕಿತ್ತು, ಯಾಕೆ ಇಳಿಯಲಿಲ್ಲ ಅಂದಳು. ಆಗ ಎಲ್ಲರ ಕಣ್ಣೂ ಕೊಳವೆಯ ಬಾಯಿಗೆ ಹೋದವು. ಅಲ್ಲಿಂದ ಹಪ್ಪಳದ ಬೀದಿಯ ಹೆಂಗಸರಿಗೆ ಬಂದವು. ಹೆಂಗಸರ ಕಣ್ಣು ಅಕ್ಕನಿಗೆ ಬಂತು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಗೋಣಿ ನಂದೇ," ಅಂದಳು. "ಮುದ್ದಣ್ಣ, ನಿನ್ನ ಉಳಿ ತಗೊಂಡು ಬಾ."

ಒಂದು ಕಿಂಡಿ ಮುಚ್ಚಲೆಂದು ಮನೆಯಿಂದ ಹೊರಟವನು ಇನ್ನೊಂದು ಕಿಂಡಿ ತೆಗೆಯಲು ಕೂತ. ತಾನೇ ಮೆತ್ತಿದ ಗಾರೆಯನ್ನು ತಾನೇ ಒಡೆಯುತ್ತಾ, ಎಷ್ಟು ಗಟ್ಟಿ ಕೂತದೆ ನೋಡಿ ಎಂದು ಹೆಮ್ಮೆಪಟ್ಟುಕೊಂಡ. ಗಾರೆ ಉದುರಿತು. ಅಕ್ಕ ಗೋಣಿಯ ಮೂಲೆ ಹಿಡಿದು ಜಗ್ಗಿದಳು. ಬರಲಿಲ್ಲ. ಹಿಂದಿನಿಂದ ಒಬ್ಬ ಹೆಂಗಸು ಅವಳ ಸೊಂಟ ಹಿಡಿದಳು, ಅವಳ ಸೊಂಟವನ್ನು ಇನ್ನೊಬ್ಬಳು, ಕೊನೆಯಲ್ಲಿ ಇಳಾ. ಎಲ್ಲರೂ ಒಟ್ಟಿಗೆ ಜಗ್ಗಿದರು. ಗೋಣಿ ಕಿತ್ತು ಬಂದು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು.

ಬಿಸಿಲು ಬಂತು. ಮೊದಲು ಒಂದು ನೂಲಿನಷ್ಟು, ಆಮೇಲೆ ಕೈದಪ್ಪ, ಆಮೇಲೆ ಕೊಳವೆಯ ಬಾಯಿತುಂಬ. ಸದ್ದಿಲ್ಲ. ಹಾಲು ಉಕ್ಕಿ ಒಲೆಯಿಂದಿಳಿದ ಹಾಗೆ ಬೀದಿಯುದ್ದಕ್ಕೂ ಹರಿದು, ಚಾಪೆಗಳ ಮೇಲೆ ಹರಡಿ, ಹೊಸ್ತಿಲುಗಳನ್ನು ಮುಟ್ಟಿ ನಿಂತಿತು. ಮಂಜು ಆ ಬೀದಿಯಿಂದ ಎದ್ದು ಬೇರೆ ಬೀದಿಗೆ ಹೋಯಿತು. ಊರಿನ ನಾಯಿಗಳೆಲ್ಲ ಎಲ್ಲಿಂದಲೋ ಬಂದವು. ಅಕ್ಕ ಬಿದ್ದಲ್ಲಿಂದ ಏಳದೆ, ಹರಿಯುವ ಬಿಸಿಲಿಗೆ ಬೆರಳದ್ದಿ ನೋಡಿದಳು. ಮತ್ತೊಮ್ಮೆ ಅದ್ದಿದಳು.

ಇದು ದಸರೆಯ ಮಾರನೆಯ ವಾರದ ಬಿಸಿಲು, ಅಂದಳು ಪಕ್ಕದವಳಿಗೆ. ಅವತ್ತು ನಾನು ಬಾಳಕದ ಮೆಣಸಿನಕಾಯಿ ಹಾಕಿದ್ದೆ, ಸಂಜೆ ತೆಗೆದಾಗ ಒದ್ದೆ ಇತ್ತು, ನೆನಪಿದೆಯಾ ಅಂದಳು. ಪಕ್ಕದವಳೂ ಬೆರಳದ್ದಿ, ಹೌದು ಕಣಕ್ಕ, ಅವತ್ತಿನದೇ ಅಂದಳು. ಕೊಳವೆ ತಳದಲ್ಲಿತ್ತು, ಮೊದಲು ಬಿದ್ದದ್ದೇ ಮೊದಲು ಇಳಿಯುತ್ತಿತ್ತು. ದಸರೆಯ ಬಿಸಿಲಿನ ಹಿಂದೆ ದೀಪಾವಳಿಯದು, ಅದರ ಹಿಂದೆ ಕಾರ್ತಿಕದ್ದು, ಕುಲುಕದೆ ನಿಂತಿದ್ದರಿಂದ ಎಳೆಯದು ಎಳೆಯದಾಗೇ, ಯಾರ ಯಾರ ಅಂಗಳದಿಂದ ಯಾವ ದಿನ ಹೋಗಿತ್ತೋ ಅದೇ ಸಾಲಿನಲ್ಲಿ ಬಂತು. ಚಾವಡಿ ತಿಂದಿತು ಎಂದು ಅಷ್ಟು ದಿನ ಬೈದೆವು. ಅದು ತಿಂದಿರಲಿಲ್ಲ, ಇಟ್ಟುಕೊಂಡಿತ್ತು. ಕಳೆಯಿತು ಎಂದು ನಾವು ಅಳುವುದರಲ್ಲಿ ಎಷ್ಟನ್ನು ದೇವರು ಹೀಗೆ ಯಾವುದೋ ಬಾಣಲೆಯಲ್ಲಿ ಮುಚ್ಚಿಟ್ಟಿದ್ದಾನೋ, ಯಾವ ಗೋಣಿ ನಾವೇ ತುರುಕಿದ್ದೋ, ಯಾರು ಬಲ್ಲರು.

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿ ನಿಜವಾದ ಸೂರ್ಯನೂ ನಾಚಿಕೊಂಡು ಮೇಲೆ ಬಂದ. ಅಷ್ಟರಲ್ಲಿ ಬೀದಿಯ ಹಪ್ಪಳಗಳು ಗರಿಗರಿಯಾಗಿ ಒಣಗಿ, ಹೆಂಗಸರು ಹೊಸ ಹಿಟ್ಟು ಕುಟ್ಟಲು ಕೂತಿದ್ದರು. ಅಭಿಪ್ರಾಯವೂ ಒಂದು ಸುತ್ತು ಹಾಕಿ ಬಂತು. ಹೊಸತನ ಬೇಕೆಂದು ಮೊದಲು ಹೊಗಳಿದ್ದ ಪಡುವಣ ಬೀದಿಯವರು ಗುಂಪು ಕಟ್ಟಿಕೊಂಡು ಅಧ್ಯಕ್ಷರ ಬಳಿ ಬಂದು, ಇದು ಭೇದ ಮಾಡುವ ಕಟ್ಟಡ, ನೆರಳೆಲ್ಲ ಹಪ್ಪಳದ ಬೀದಿಗೇ ಯಾಕೆ, ನಾವೇನು ಕಂದಾಯ ಕಟ್ಟುವುದಿಲ್ಲವೇ, ನಮ್ಮ ಮೇಲೂ ಸ್ವಲ್ಪ ನೆರಳು ಬೀಳುವಂತೆ ವಾಲಿಸಿ ಎಂದು ಕೇಳಿದರು. ಅಧ್ಯಕ್ಷರು ವಿಷಯವನ್ನು ಸಭೆಗೆ ಇಟ್ಟರು. ಕುರ್ಚಿಗಳು ಜಾರಿದವು. ಕರಿಬಸಪ್ಪನವರ ಮಂಡಿ ತಾಕಿತು. ಒಮ್ಮತವಾಯಿತು. ಏನೆಂದು ಒಮ್ಮತವಾಯಿತು ಎಂದು ಹೊರಗೆ ಬಂದವರಲ್ಲಿ ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ, ಆದರೆ ತೆಗೆಸಿದ್ದ ಮೆಟ್ಟಿಲನ್ನು ಕಟ್ಟಿಸುವುದೆಂದು ಮಾತ್ರ ಗಟ್ಟಿಯಾಯಿತು. ಇಳಾ ಬಸ್ಸು ಹತ್ತುವ ಮೊದಲು ಬಾಗಿಲಿಗೊಂದು ಹಿಡಿಕೆಯ ಚಿತ್ರ ಬರೆದುಕೊಟ್ಟಳು. ಹಪ್ಪಳದ ಬೀದಿಯವರು ಅವಳ ಚೀಲದ ತುಂಬ ಹಪ್ಪಳ ತುಂಬಿ, ಮನೆಗೆ ಹೋದ ಮೇಲೆ ಪಾತ್ರೆ ಬೋರಲು ಹಾಕಮ್ಮ ಎಂದು ಬುದ್ಧಿ ಹೇಳಿ ಕಳಿಸಿದರು.

ಬೀದಿಯ ಬಾಕಿ ತೀರಿತೆಂದು ಎಲ್ಲರೂ ಒಪ್ಪಿದರು. ಆದರೂ ಹೊಣೆಗಾರ ಕೊನೆಯ ಕೊಡವನ್ನು ತನ್ನ ಕೈಯಿಂದಲೇ ಮುಟ್ಟಿಸಬೇಕು. ಸಂಜೆ ನಾನು ಅಕ್ಕ ಬಿಟ್ಟುಹೋಗಿದ್ದ ಕೊಡವನ್ನು ತೊಳೆದು, ಕೊಳವೆಯಿಂದ ಇಳಿಯುತ್ತಿದ್ದ ಕೊನೆಯ ಬಿಸಿಲನ್ನು ಹಿಡಿದುಕೊಂಡೆ. ಬೆರಳದ್ದಿ ನೋಡಿದರೆ ಹಿಂದಿನ ದಿನದ್ದು. ನಿನ್ನೆ ಅದೇ ಬಿಸಿಲಿನಲ್ಲಿ ನಾನು ಅಡ್ಡೆ ಹೊತ್ತು ಕೆರೆಯ ಏರಿಯ ಮೇಲೆ ಬರುತ್ತಿದ್ದೆ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಒಂದು ಹನಿಯೂ ತುಳುಕದ ಹಾಗೆ ಮನೆಗೆ ತಂದೆ. ಜಗಲಿಯ ಮೇಲೆ ಮುದ್ದಣ್ಣ ಇರಲಿಲ್ಲ. ಅವನು ಕಲೆಸದೆ ಬಿಟ್ಟಿದ್ದ ಮಣ್ಣಿನ ಮೇಲೆ ಯಾವುದೋ ನಾಯಿ ಮಲಗಿತ್ತು.

ಕಿಂಡಿಯ ಆಚೆ ದೀಪ ಇನ್ನೂ ಹಚ್ಚಿರಲಿಲ್ಲ. ಕೊಡ ಕಿಂಡಿಯಲ್ಲಿ ಹಿಡಿಸುವುದಿಲ್ಲ. ಬಟ್ಟೆ ಬಿಚ್ಚಿ ಅಲ್ಲಿಂದಲೇ ಮೆಲ್ಲಗೆ ಬಗ್ಗಿಸಿದೆ. ಬಿಸಿಲು ಗೋಡೆಯ ಆ ಬದಿಗೆ ಇಳಿದು, ಅಕ್ಕನ ಅಡುಗೆಮನೆಯ ನೆಲವನ್ನೂ, ಒರಳನ್ನೂ, ಗೂಡನ್ನೂ ಬೆಳಗಿತು. ಗೂಡಿನಲ್ಲಿ ನನ್ನ ತಟ್ಟೆ ಬೋರಲಾಗಿಯೇ ಇತ್ತು. ಅಷ್ಟು ದಿನ ಯಾರೂ ಬಳಸದಿದ್ದರೂ ದಿನಾ ಉಜ್ಜಿದ ಹಾಗೆ ಹೊಳೆಯುತ್ತಿತ್ತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದು, ತಟ್ಟೆಯನ್ನು ತೆಗೆದು ಅಂಗಾತ ಮಾಡಿದಳು. ಅನ್ನ ಬಡಿಸಿದಳು, ಸಾರು ಬಿಟ್ಟಳು, ಅಂಚಿಗೆ ಒಂದು ಸುಟ್ಟ ಹಪ್ಪಳ ಒರಗಿಸಿದಳು. ಆಮೇಲೆ ಅದನ್ನು ಕಿಂಡಿಯಲ್ಲಿಟ್ಟು, ನನ್ನ ಕಡೆಗೆ ನೂಕಿದಳು.